ಹೋರಿಯ ಒಳಗುಣ ಹುಡುಕಿದ ರೈತ ಬೇಕ್‌ವೆಲ್

ಮಕ್ಕಳೇ, ನಿಮಗೊಂದು ಪ್ರಶ್ನೆ. ಒಳ್ಳೆಯ ಹಸು ಯಾವುದು ಎಂದು ತಿಳಿಯುವುದು ಹೇಗೆ? ಹಾಲು ಅಳೆದು ನೋಡಿದರಾಯಿತು ಎನ್ನುತ್ತೀರಿ. ಸರಿಯಾದ ಉತ್ತರವೇ. ಹಾಗಾದರೆ ಒಳ್ಳೆಯ ಹೋರಿ ಯಾವುದು ಎಂದು ತಿಳಿಯುವುದು ಹೇಗೆ? ಹೋರಿ ಹಾಲು ಕೊಡುವುದಿಲ್ಲವಲ್ಲ!

ಇದು ತಮಾಷೆಯ ಪ್ರಶ್ನೆಯಲ್ಲ. ಕರುವಿಗೆ ಬರುವ ಗುಣಗಳಲ್ಲಿ ಅರ್ಧ ತಾಯಿಯಿಂದ, ಇನ್ನರ್ಧ ತಂದೆಯಿಂದ ಬರುತ್ತವೆ. ಹಾಲಿನ ಗುಣವೂ ಅಷ್ಟೇ. ಹೋರಿ ತಾನು ಹಾಲು ಕೊಡದಿದ್ದರೂ ತನ್ನ ಹೆಣ್ಣುಮಕ್ಕಳಿಗೆ ಆ ಗುಣವನ್ನು ದಾಟಿಸುತ್ತದೆ. ಒಂದು ಹಸು ತನ್ನ ಆಯಸ್ಸಿನಲ್ಲಿ ಹಾಕುವ ಕರುಗಳನ್ನು ಬೆರಳಲ್ಲಿ ಎಣಿಸಬಹುದು. ಹೋರಿಗಾದರೋ ನೂರಾರು ಕರುಗಳು. ಕೃತಕ ಗರ್ಭಧಾರಣೆಯ ಈ ಕಾಲದಲ್ಲಿ ಸಾವಿರಾರು. ಹಸುವಿನ ಆಯ್ಕೆ ತಪ್ಪಿದರೆ ಒಂದು ಮನೆಗೆ ನಷ್ಟ. ಹೋರಿಯ ಆಯ್ಕೆ ತಪ್ಪಿದರೆ ಇಡೀ ಸೀಮೆಗೇ ನಷ್ಟ.

ಹೊರಗೆ ಕಾಣದ ಈ ಗುಣವನ್ನು ಕಂಡುಹಿಡಿಯುವುದು ಹೇಗೆ ಎಂದು ಜೀವನವಿಡೀ ತಲೆ ಕೆಡಿಸಿಕೊಂಡ ರೈತನೊಬ್ಬನಿದ್ದ. ಅವನ ಹೆಸರು ರಾಬರ್ಟ್ ಬೇಕ್‌ವೆಲ್. ಅವನು ವಿಜ್ಞಾನಿಯಲ್ಲ. ಪುಸ್ತಕ ಬರೆದವನಲ್ಲ. ವಂಶವಾಹಿ ಅಥವಾ ಜೀನ್ ಎಂಬ ಪದ ಹುಟ್ಟಿದ್ದೇ 1909ರಲ್ಲಿ, ಅವನು ಸತ್ತು ನೂರು ವರ್ಷ ದಾಟಿದ ಮೇಲೆ. ಆದರೂ ಪಶುತಳಿ ಸುಧಾರಣೆಯ ಕಥೆ ಹೇಳುವವರೆಲ್ಲ ಅವನಿಂದಲೇ ಆರಂಭಿಸುತ್ತಾರೆ.

ಬೇಕ್‌ವೆಲ್ ಹುಟ್ಟಿದ್ದು 1725ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ಶೈರ್ ಎಂಬ ಜಿಲ್ಲೆಯಲ್ಲಿ. ಲಫ್‌ಬರೋ ಪಟ್ಟಣದ ಪಕ್ಕದಲ್ಲಿ ಡಿಶ್ಲಿ ಎಂಬ ಊರು. ಅಲ್ಲಿ ಅವನ ತಂದೆ ಸುಮಾರು 440 ಎಕರೆ ಜಮೀನನ್ನು ಗೇಣಿಗೆ ಮಾಡುತ್ತಿದ್ದ. ಜಮೀನು ಸ್ವಂತದ್ದಲ್ಲ ಎಂಬುದನ್ನು ನೆನಪಿಡಿ. ಯುವಕ ಬೇಕ್‌ವೆಲ್ ಮನೆಯಲ್ಲೇ ಕೂರಲಿಲ್ಲ. ಬೇರೆ ಬೇರೆ ಸೀಮೆಗಳಿಗೆ ತಿರುಗಿ, ಅಲ್ಲಿನ ರೈತರು ದನ ಕುರಿ ಸಾಕುವ ರೀತಿಯನ್ನು ನೋಡಿಕೊಂಡು ಬಂದ. ತಂದೆಗೆ ವಯಸ್ಸಾದಾಗ, 1760ರ ಹೊತ್ತಿಗೆ, ಜಮೀನಿನ ಹೊಣೆ ಪೂರ್ತಿ ಅವನ ಹೆಗಲಿಗೆ ಬಂತು.

ಅದು ಇಂಗ್ಲೆಂಡಿನಲ್ಲಿ ಪಟ್ಟಣಗಳು ಬೆಳೆಯುತ್ತಿದ್ದ ಕಾಲ. ಕಾರ್ಖಾನೆಗಳಿಗೆ ಹಳ್ಳಿಯ ಜನ ಗುಳೆ ಹೋಗುತ್ತಿದ್ದರು. ಅವರಿಗೆಲ್ಲ ಆಹಾರ ಬೇಕು. ಅಲ್ಲಿಯವರೆಗೆ ಕುರಿಯನ್ನು ಮುಖ್ಯವಾಗಿ ಉಣ್ಣೆಗೆ, ದನವನ್ನು ಉಳುಮೆಗೆ ಮತ್ತು ಹಾಲಿಗೆ ಸಾಕುತ್ತಿದ್ದರು. ಈಗ ಮಾಂಸಕ್ಕೆ ಬೇಡಿಕೆ ಹೆಚ್ಚಿತು. ಆದರೆ ಆಗಿನ ಕುರಿಗಳು ಉದ್ದ ಕಾಲಿನವು, ದಪ್ಪ ಮೂಳೆಯವು. ಬೆಳೆಯಲು ಮೂರು ನಾಲ್ಕು ವರ್ಷ ತೆಗೆದುಕೊಳ್ಳುತ್ತಿದ್ದವು. ತಿಂದ ಮೇವೆಲ್ಲ ಮೂಳೆಗೇ ಹೋದರೆ ರೈತನಿಗೆ ಏನು ಸಿಕ್ಕಿತು? ಬೇಕ್‌ವೆಲ್‌ನ ಲೆಕ್ಕ ಹೀಗೆ ಶುರುವಾಯಿತು.

ಆಗ ಟಗರು, ಕುರಿ ಎಲ್ಲವೂ ಒಂದೇ ಮಂದೆಯಲ್ಲಿ ಮೇಯುತ್ತಿದ್ದವು. ಯಾವ ಮರಿಗೆ ಯಾವ ಟಗರು ತಂದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬೇಕ್‌ವೆಲ್ ಮೊದಲು ಮಾಡಿದ ಕೆಲಸವೆಂದರೆ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಇಟ್ಟಿದ್ದು. ಯಾವ ಟಗರಿಗೆ ಯಾವ ಕುರಿ ಎಂದು ತಾನೇ ತೀರ್ಮಾನಿಸಿದ. ಇದೇನು ಮಹಾ ಕೆಲಸ ಎನಿಸಬಹುದು. ಆದರೆ ತಂದೆ ಯಾರೆಂದು ಗೊತ್ತಿಲ್ಲದಿದ್ದರೆ ತಂದೆಯ ಗುಣವನ್ನು ಅಳೆಯುವುದು ಹೇಗೆ? ಮುಂದಿನದೆಲ್ಲ ನಿಂತಿರುವುದು ಈ ಒಂದು ಬೇಲಿಯ ಮೇಲೆ.

ಎರಡನೆಯ ಕೆಲಸ ಇನ್ನೂ ಜಾಣತನದ್ದು. ಬೇರೆಯವರು ಒಳ್ಳೆಯ ಟಗರು ಹುಟ್ಟಿದರೆ ಮಾರಿಬಿಡುತ್ತಿದ್ದರು. ಬೇಕ್‌ವೆಲ್ ಮಾರಲಿಲ್ಲ. ಒಂದು ಋತುವಿನ ಮಟ್ಟಿಗೆ ಬಾಡಿಗೆಗೆ ಕೊಟ್ಟ! ಟಗರು ಇನ್ನೊಬ್ಬ ರೈತನ ಮಂದೆಗೆ ಹೋಗಿ ಬರುತ್ತಿತ್ತು. ಮುಂದಿನ ವರ್ಷ ಅಲ್ಲಿ ಹುಟ್ಟಿದ ಮರಿಗಳು ಹೇಗಿವೆ ಎಂದು ಬೇಕ್‌ವೆಲ್ ತಿಳಿದುಕೊಳ್ಳುತ್ತಿದ್ದ. ಒಂದೇ ಟಗರಿನ ಮರಿಗಳು ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ತಾಯಂದಿರ ಹೊಟ್ಟೆಯಲ್ಲಿ, ಬೇರೆ ಬೇರೆ ಹುಲ್ಲು ತಿಂದು ಬೆಳೆದರೂ ಚೆನ್ನಾಗಿದ್ದರೆ ಆ ಗುಣ ಎಲ್ಲಿಂದ ಬಂದಿರಬೇಕು, ಯೋಚಿಸಿ. ಹುಲ್ಲಿನಿಂದಲ್ಲ, ನೆಲದಿಂದಲ್ಲ. ತಂದೆಯಿಂದಲೇ. ಹೀಗೆ ಗೆದ್ದ ಟಗರನ್ನು ಮಾತ್ರ ಅವನು ತನ್ನ ಸ್ವಂತ ಮಂದೆಗೆ ಬಳಸುತ್ತಿದ್ದ. ಗಂಡಿನ ಗುಣವನ್ನು ಅದರ ಮಕ್ಕಳನ್ನು ನೋಡಿ ತಿಳಿಯುವ ಈ ಪದ್ಧತಿಗೆ ಇಂದು ಸಂತತಿ ಪರೀಕ್ಷೆ ಎಂದು ಹೆಸರು. ಬೇಕ್‌ವೆಲ್ ಯಾವ ಹೆಸರನ್ನೂ ಇಡಲಿಲ್ಲ, ಮಾಡಿ ತೋರಿಸಿದ. ಅದರ ಜೊತೆಗೆ ಬಾಡಿಗೆ ಹಣವೂ ಬರುತ್ತಿತ್ತು!

ಮೊದಮೊದಲು ಒಂದು ಟಗರಿಗೆ ಒಂದು ಪೌಂಡ್ ಕೂಡ ಸಿಗುತ್ತಿರಲಿಲ್ಲ. ಜನ ನಕ್ಕರು. 1789ರಲ್ಲಿ ಮೂರೇ ಮೂರು ಟಗರುಗಳ ಒಂದು ಋತುವಿನ ಬಾಡಿಗೆ 1200 ಗಿನಿಗೆ ಏರಿತ್ತು. ಗಿನಿ ಎಂದರೆ ಪೌಂಡಿಗಿಂತ ಸ್ವಲ್ಪ ಹೆಚ್ಚು ಬೆಲೆಯ ಚಿನ್ನದ ನಾಣ್ಯ. ಹಿಂದೆ ನಕ್ಕವರು ಆಮೇಲೆ ಸಾಲುಗಟ್ಟಿ ನಿಂತರೋ ಏನೋ! ಅವನ ತಳಿಗೆ ಹೊಸ ಲೆಸ್ಟರ್ ಕುರಿ ಎಂಬ ಹೆಸರು ಬಂತು. ಅದು ಎರಡು ವರ್ಷಕ್ಕೇ ಮಾರಾಟಕ್ಕೆ ಸಿದ್ಧವಾಗುತ್ತಿತ್ತು.

ದನಗಳಲ್ಲಿ ಅವನು ಆರಿಸಿಕೊಂಡದ್ದು ಉದ್ದ ಕೊಂಬಿನ ಲಾಂಗ್‌ಹಾರ್ನ್ ತಳಿ. ಕ್ಯಾನ್ಲಿ ಎಂಬ ಊರಿನಿಂದ ಒಳ್ಳೆಯ ಕಡಸುಗಳನ್ನು ತಂದ. ಉತ್ತರದ ವೆಸ್ಟ್‌ಮೋರ್‌ಲೆಂಡ್ ಸೀಮೆಯಿಂದ ಹೋರಿಯೊಂದನ್ನು ತಂದ. ಈ ಎರಡೂ ಕಡೆಯ ರಕ್ತ ಸೇರಿ ಹುಟ್ಟಿದ ಹೋರಿಗೆ ಟೂಪೆನ್ನಿ ಎಂದು ಹೆಸರಾಯಿತು. ಎರಡು ಪೆನ್ನಿ, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಕಾಸು ಎಂದಂತೆ. ಹೆಸರು ಎರಡು ಕಾಸಿನದಾದರೂ ಆ ಕಾಲದ ಅತಿ ಪ್ರಸಿದ್ಧ ಹೋರಿ ಅದು.

ಡಿಶ್ಲಿಯನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಕೃಷಿ ಬರಹಗಾರ ಆರ್ಥರ್ ಯಂಗ್ ಬಂದು ನೋಡಿ, ತನ್ನ ಪ್ರವಾಸದ ಪುಸ್ತಕದಲ್ಲಿ ಬರೆದ. ಫ್ರಾನ್ಸಿನಿಂದಲೂ ಬಂದರು. ಬಂದವರಿಗೆ ಅಚ್ಚರಿ ಹುಟ್ಟಿಸಿದ್ದು ಹೋರಿಗಳ ಸೌಮ್ಯ ಸ್ವಭಾವ. ಬೇರೆ ಕಡೆ ಹೋರಿ ಎಂದರೆ ಹತ್ತಿರ ಸುಳಿಯುವಂತಿರಲಿಲ್ಲ. ಇಲ್ಲಿ ಚಿಕ್ಕ ಹುಡುಗನೊಬ್ಬ ಕೈಯಲ್ಲೊಂದು ಕಡ್ಡಿ ಹಿಡಿದು ಹೊಡೆದುಕೊಂಡು ಹೋಗುತ್ತಿದ್ದ! ಪ್ರಾಣಿಗಳನ್ನು ಹೊಡೆಯುವುದು, ಗದರಿಸುವುದು ಡಿಶ್ಲಿಯಲ್ಲಿ ನಡೆಯುತ್ತಿರಲಿಲ್ಲ. ಮನೆಯ ಒಂದು ಕಡೆ ಹಳೆಯ ಪ್ರಾಣಿಗಳ ಅಸ್ಥಿಪಂಜರಗಳನ್ನು ತೂಗುಹಾಕಿದ್ದ. ಉಪ್ಪುನೀರಿನಲ್ಲಿ ಹಾಕಿಟ್ಟ ಮಾಂಸದ ತುಂಡುಗಳೂ ಇದ್ದವು. ಅಜ್ಜನ ಮೂಳೆ ಎಷ್ಟು ದಪ್ಪ, ಮೊಮ್ಮಗನ ಮೂಳೆ ಎಷ್ಟು ತೆಳು ಎಂದು ಹೋಲಿಸಿ ನೋಡಲು ಅವನಿಗೆ ಅದೇ ದಾಖಲೆ ಪುಸ್ತಕ. ಅವನು ಮದುವೆಯಾಗಲಿಲ್ಲ. ಬಂದವರ ಊಟೋಪಚಾರವನ್ನು ಅವನ ತಂಗಿ ಹನ್ನಾ ನೋಡಿಕೊಳ್ಳುತ್ತಿದ್ದಳು. ಈ ಅತಿಥಿ ಸತ್ಕಾರ, ಜಮೀನಿನ ನೀರಾವರಿ ಕಾಲುವೆಗಳ ಖರ್ಚು ಎಲ್ಲ ಸೇರಿ 1770ರ ದಶಕದಲ್ಲಿ ಅವನು ಒಮ್ಮೆ ದಿವಾಳಿಯೂ ಆದ. ಆದರೆ ಮಂದೆಯ ಕೆಲಸ ಬಿಡಲಿಲ್ಲ. ದೊಡ್ಡ ಬಾಡಿಗೆಗಳು ಬಂದದ್ದು ಆಮೇಲೆಯೇ.

ಅವನಲ್ಲಿ ಒಂದು ವಿಚಿತ್ರ ಗುಣವೂ ಇತ್ತು. ಯಾವ ಪ್ರಾಣಿಗೆ ಯಾವುದನ್ನು ಕೂಡಿಸಿದೆ ಎಂಬ ಗುಟ್ಟನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ವಯಸ್ಸಾದ ಕುರಿಗಳನ್ನು ಕಸಾಯಿಯವರಿಗೆ ಮಾರುವ ಮೊದಲು ಜೌಗು ಹುಲ್ಲುಗಾವಲಿನಲ್ಲಿ ಮೇಯಿಸಿ ಬೇಕೆಂದೇ ರೋಗ ಹತ್ತಿಸುತ್ತಿದ್ದ, ಕೊಂಡವರು ಅವುಗಳಿಂದ ಮರಿ ಮಾಡಿಸಬಾರದೆಂದು, ಎಂಬ ಮಾತು ಹಳೆಯ ಪುಸ್ತಕಗಳಲ್ಲಿದೆ. ಜೌಗಿನಲ್ಲಿ ಮೇಯುವ ಕುರಿಗೆ ಬರುವ ಈ ರೋಗಕ್ಕೆ ಕಾರಣ ಯಕೃತ್ತಿಗೆ ಸೇರುವ ಚಪ್ಪಟೆ ಹುಳು. ಅದು ನೀರಿನ ಚಿಕ್ಕ ಬಸವನಹುಳುವಿನ ಮೂಲಕ ಹರಡುತ್ತದೆ ಎಂದು ಖಚಿತವಾದದ್ದು 1880ರ ದಶಕದಲ್ಲಿ. ಬೇಕ್‌ವೆಲ್‌ಗೆ ಹುಳು ಗೊತ್ತಿಲ್ಲ, ಜೌಗು ಗೊತ್ತಿತ್ತು. ಆ ಮಾತು ನಿಜವಾಗಿದ್ದರೆ ಅದು ಮೆಚ್ಚುವಂಥ ಕೆಲಸವಂತೂ ಅಲ್ಲ.

ಇನ್ನು ಅವನ ಮೂರನೆಯ ಪದ್ಧತಿ. ಒಳ್ಳೆಯ ಗುಣ ಕಂಡ ಕೂಡಲೇ ಅದನ್ನು ಗಟ್ಟಿಮಾಡಲು ಹತ್ತಿರದ ಸಂಬಂಧದ ಪ್ರಾಣಿಗಳನ್ನೇ ಮತ್ತೆ ಮತ್ತೆ ಕೂಡಿಸುತ್ತಿದ್ದ. ತಂದೆಗೆ ಮಗಳು, ಅಣ್ಣನಿಗೆ ತಂಗಿ. ಇದನ್ನು ಒಳಸಂತಾನ ಪದ್ಧತಿ ಎನ್ನುತ್ತಾರೆ. ಇದರಿಂದ ಎಲ್ಲ ಮರಿಗಳೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಬಂದವು. ಆದರೆ ಒಳ್ಳೆಯ ಗುಣದ ಜೊತೆಗೆ ಅಡಗಿದ್ದ ದೋಷಗಳೂ ಗಟ್ಟಿಯಾದವು. ಲಾಂಗ್‌ಹಾರ್ನ್ ದನಗಳು ಮೈತುಂಬಿಕೊಂಡವು ನಿಜ. ಆದರೆ ಹಾಲು ಕಡಿಮೆಯಾಯಿತು, ಗಬ್ಬ ನಿಲ್ಲುವುದೂ ಕಡಿಮೆಯಾಯಿತು. ಕುರಿಯ ಮಾಂಸದಲ್ಲಿ ಕೊಬ್ಬು ಅತಿಯಾಯಿತು ಎಂಬ ದೂರು ಬಂತು. ಬೇಕ್‌ವೆಲ್ ಅಳೆದದ್ದು ಮೈಯನ್ನು. ಅಳೆಯದೆ ಬಿಟ್ಟ ಗುಣಗಳು ಮೆಲ್ಲನೆ ಜಾರಿಹೋದವು. ಡರ್ಹಮ್ ಸೀಮೆಯಲ್ಲಿ ಕಾಲಿಂಗ್ ಸಹೋದರರು ಅವನದೇ ಪದ್ಧತಿಯಿಂದ ಗಿಡ್ಡ ಕೊಂಬಿನ ಶಾರ್ಟ್‌ಹಾರ್ನ್ ದನವನ್ನು ಬೆಳೆಸಿದರು. ಅದು ಮಾಂಸದ ಜೊತೆಗೆ ಹಾಲನ್ನೂ ಕೊಡುತ್ತಿತ್ತು. ಲಾಂಗ್‌ಹಾರ್ನ್ ಹಿಂದೆ ಬಿತ್ತು.

ಇದೇ ಕಾಲದಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನ್ ಕಾವಲುಗಳಲ್ಲಿ ದನ ಸಾಕಿಸುತ್ತಿದ್ದರು. ಅವರಿಗೆ ಬೇಕಾಗಿದ್ದುದು ಫಿರಂಗಿ ಎಳೆದುಕೊಂಡು ಬೇಗ ನಡೆಯುವ ಎತ್ತುಗಳು. ಹಾಗಾಗಿ ಅಮೃತಮಹಲ್ ತಳಿಯಲ್ಲಿ ಇವತ್ತಿಗೂ ಕಾಲಿನ ಚುರುಕು ಇದೆ, ಹಾಲು ಸ್ವಲ್ಪವೇ. ಮನುಷ್ಯ ಯಾವುದನ್ನು ಆರಿಸುತ್ತಾನೋ ಅದೇ ಬೆಳೆಯುತ್ತದೆ.

ಬೇಕ್‌ವೆಲ್ 1795ರಲ್ಲಿ ತೀರಿಕೊಂಡ. ಡಿಶ್ಲಿಯ ಚರ್ಚಿನಲ್ಲಿ ಅವನ ಸಮಾಧಿ ಇದೆ. ಚರ್ಚು ಈಗ ಪಾಳುಬಿದ್ದಿದೆ.

ಅವನ ಗುಟ್ಟು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಮಧ್ಯ ಯೂರೋಪಿನ ಮೊರಾವಿಯಾದಲ್ಲಿ ಕುರಿ ಸಾಕುವವರು ಅವನ ಪದ್ಧತಿಯನ್ನು ಹಿಡಿದರು. ಗೈಸ್ಲರ್ನ್ ಎಂಬುವನಿಗಂತೂ ಮೊರಾವಿಯಾದ ಬೇಕ್‌ವೆಲ್ ಎಂದೇ ಹೆಸರು ಬಿತ್ತು. ಅಲ್ಲಿನ ಬ್ರುನೋ ನಗರದಲ್ಲಿ ಕುರಿ ಸಾಕುವವರ ಸಭೆಗಳು ನಡೆಯುತ್ತಿದ್ದವು. 1830ರ ದಶಕದ ಸಭೆಯೊಂದರಲ್ಲಿ ಸಿರಿಲ್ ನಾಪ್ ಎಂಬ ಮಠಾಧಿಪತಿ ಎದ್ದು ಒಂದು ಪ್ರಶ್ನೆ ಎತ್ತಿದ. ತಂದೆತಾಯಿಯಿಂದ ಮಕ್ಕಳಿಗೆ ಬರುವುದು ಏನು, ಅದು ಹೇಗೆ ಬರುತ್ತದೆ ಎಂಬುದೇ ಆ ಪ್ರಶ್ನೆ. ಅದೇ ನಾಪ್‌ನ ಮಠಕ್ಕೆ 1843ರಲ್ಲಿ ಒಬ್ಬ ತರುಣ ಸೇರಿದ. ಅವನ ಹೆಸರು ಗ್ರೆಗರ್ ಮೆಂಡೆಲ್! ಅವನು ಬಟಾಣಿ ಗಿಡಗಳನ್ನು ಬೆಳೆಸಿ ಕಂಡುಕೊಂಡ ನಿಯಮಗಳು 1866ರಲ್ಲಿ ಅಚ್ಚಾದವು. ಇತ್ತ ಇಂಗ್ಲೆಂಡಿನಲ್ಲಿ ಡಾರ್ವಿನ್ ತನ್ನ ಪ್ರಸಿದ್ಧ ಗ್ರಂಥದ ಮೊದಲ ಅಧ್ಯಾಯದಲ್ಲೇ ಬೇಕ್‌ವೆಲ್‌ನನ್ನು ನೆನೆದಿದ್ದಾನೆ.

ಈಗ ನಮ್ಮ ಹೋರಿಯ ಪ್ರಶ್ನೆಗೆ ಬರೋಣ. ಸಂತತಿ ಪರೀಕ್ಷೆ ಒಳ್ಳೆಯದೇ, ಆದರೆ ನಿಧಾನ. ಲೆಕ್ಕ ಹಾಕಿ ನೋಡಿ. ಹೋರಿಕರು ಬೆಳೆಯಲು ಒಂದು ವರ್ಷಕ್ಕಿಂತ ಹೆಚ್ಚು ಬೇಕು. ಅದರ ಕರು ಹುಟ್ಟಲು ಒಂಬತ್ತು ತಿಂಗಳು. ಆ ಹೆಣ್ಣು ಕರು ಬೆಳೆದು, ತಾನೂ ಕರು ಹಾಕಿ, ಹಾಲು ಕರೆಯಲು ಇನ್ನೂ ಎರಡು ವರ್ಷಕ್ಕಿಂತ ಹೆಚ್ಚು. ಹಾಲು ಅಳೆದು ಮುಗಿಯುವಾಗ ಹೋರಿಗೆ ಐದು ವರ್ಷವಾಗಿರುತ್ತದೆ! ಅಷ್ಟು ದಿನ ಸಾಕಿದ ಮೇಲೆ ಅದು ಕಳಪೆ ಎಂದು ಗೊತ್ತಾದರೆ?

ಇಲ್ಲಿ ನೆರವಿಗೆ ಬಂದದ್ದು ಡಿ.ಎನ್.ಎ. ಪ್ರತಿ ಜೀವಕೋಶದ ಒಳಗೆ ವರ್ಣತಂತುಗಳಿವೆ. ಹಸುವಿನಲ್ಲಿ 30 ಜೊತೆ. ನಮ್ಮಲ್ಲಿ 23 ಜೊತೆ. ಅವುಗಳಲ್ಲಿರುವ ಉದ್ದನೆಯ ಎಳೆಯೇ ಡಿ.ಎನ್.ಎ. ಅದರಲ್ಲಿ ನಾಲ್ಕೇ ಅಕ್ಷರಗಳ ಭಾಷೆಯಲ್ಲಿ ದೇಹದ ಸೂಚನೆಗಳು ಬರೆದಿರುತ್ತವೆ. ಹಸುವಿನ ಈ ಪೂರ್ತಿ ಬರಹವನ್ನು ಓದಿದ ವರದಿ 2009ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 22,000 ವಂಶವಾಹಿಗಳನ್ನು ಗುರುತಿಸಲಾಯಿತು.

ಒಂದು ಹಸುವಿಗೂ ಇನ್ನೊಂದು ಹಸುವಿಗೂ ಈ ಬರಹ ಬಹುಪಾಲು ಒಂದೇ. ಅಲ್ಲಲ್ಲಿ ಒಂದೊಂದು ಅಕ್ಷರ ಮಾತ್ರ ಬೇರೆ. ಇಂಥ ಜಾಗಗಳನ್ನು ಗುರುತುಕಲ್ಲು ಎಂದುಕೊಳ್ಳಿ. ವಿಜ್ಞಾನಿಗಳು ಮೊದಲು ಹಾಲಿನ ಲೆಕ್ಕ ಸಿಕ್ಕಿರುವ ಸಾವಿರಾರು ಪ್ರಾಣಿಗಳ ಗುರುತುಕಲ್ಲುಗಳನ್ನು ಓದುತ್ತಾರೆ. ಯಾವ ಜಾಗದಲ್ಲಿ ಯಾವ ಅಕ್ಷರ ಇದ್ದರೆ ಹಾಲು ತುಸು ಹೆಚ್ಚು, ಯಾವುದಿದ್ದರೆ ತುಸು ಕಡಿಮೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಒಂದೊಂದರ ಪ್ರಭಾವ ಎಳ್ಳಿನಷ್ಟು. ಎಲ್ಲ ಕೂಡಿದರೆ ಮೂಟೆಯಷ್ಟು. ಆಮೇಲೆ ಆಗತಾನೆ ಹುಟ್ಟಿದ ಹೋರಿಕರುವಿನ ನಾಲ್ಕು ಕೂದಲನ್ನು ಬೇರು ಸಮೇತ ಕಿತ್ತು ಪರೀಕ್ಷಿಸಿದರೆ ಸಾಕು. ಅದರ ಹೆಣ್ಣುಮಕ್ಕಳು ಎಷ್ಟು ಹಾಲು ಕೊಡಬಹುದು ಎಂದು ಅಂದಾಜಿಸಬಹುದು. ಹೀಗೆ ಮಾಡಬಹುದೆಂದು ವಿಜ್ಞಾನಿಗಳು 2001ರಲ್ಲಿ ತೋರಿಸಿಕೊಟ್ಟರು. ಅಮೆರಿಕದಲ್ಲಿ 2009ರಿಂದ ಹೋಲ್‌ಸ್ಟೀನ್ ಹೋರಿಗಳ ಆಯ್ಕೆ ಹೀಗೆಯೇ ನಡೆಯುತ್ತಿದೆ. ಐದು ವರ್ಷದ ಕಾಯುವಿಕೆ ಕೆಲವು ವಾರಗಳಿಗೆ ಇಳಿಯಿತು.

ನೆನಪಿರಲಿ, ಇದು ಅಂದಾಜು. ಹಾಲು ಅಳೆಯುವ ಕೆಲಸ ನಿಂತರೆ ಕಂಪ್ಯೂಟರಿಗೆ ಕಲಿಯಲು ಏನೂ ಇರುವುದಿಲ್ಲ. ಹೋಲ್‌ಸ್ಟೀನ್‌ನ ಲೆಕ್ಕ ಹಳ್ಳಿಕಾರಿಗೆ ಹೊಂದುವುದೂ ಇಲ್ಲ. ಆದ್ದರಿಂದಲೇ ಹೈದರಾಬಾದಿನ ರಾಷ್ಟ್ರೀಯ ಪಶು ಜೈವಿಕ ತಂತ್ರಜ್ಞಾನ ಸಂಸ್ಥೆ ನಮ್ಮ ದೇಶಿ ತಳಿಗಳಿಗೆಂದೇ ಇಂಡಿಗೌ ಎಂಬ ಡಿ.ಎನ್.ಎ. ಚಿಪ್ ಸಿದ್ಧಪಡಿಸಿತು. ಅದು 2021ರಲ್ಲಿ ಬಿಡುಗಡೆಯಾಯಿತು. 2024ರ ಅಕ್ಟೋಬರ್‌ನಲ್ಲಿ ದನಗಳಿಗೆ ಗೌ ಚಿಪ್, ಎಮ್ಮೆಗಳಿಗೆ ಮಹಿಷ್ ಚಿಪ್ ಬಂದವು. ನಿಮ್ಮ ಮನೆಯ ಹಸುವಿನ ಕಿವಿಯಲ್ಲಿ ಹಳದಿ ಓಲೆ ನೋಡಿದ್ದೀರಾ? ಅದರ ಮೇಲಿನ 12 ಅಂಕಿಯ ಸಂಖ್ಯೆ ಆ ಹಸುವಿಗೆ ಮಾತ್ರ ಸೇರಿದ್ದು. ಯಾವ ಹಸುವಿನ ಲೆಕ್ಕ ಯಾವುದಕ್ಕೆ ಎಂದು ಗೊಂದಲವಾಗದಿರಲು ಅದು ಬೇಕು.

ಬೇಕ್‌ವೆಲ್‌ನ ಕಾಲದ ತೊಂದರೆ ಈಗಲೂ ಬಿಟ್ಟಿಲ್ಲ. ಅಮೆರಿಕದಲ್ಲಿ 1962ರಲ್ಲಿ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿ ಹುಟ್ಟಿತು. ಅದರ ಹೆಣ್ಣುಮಕ್ಕಳು ಹಾಲಿನ ಹೊಳೆ ಹರಿಸಿದವು. ಹೆಣ್ಣುಮಕ್ಕಳೇ 16,000. ಮೊಮ್ಮಕ್ಕಳು ಐದು ಲಕ್ಷ! ಆದರೆ ಅದರ ಡಿ.ಎನ್.ಎ.ಯ ಒಂದು ಕಡೆ, ಒಂದೇ ಒಂದು ಅಕ್ಷರ ತಪ್ಪಿತ್ತು. ತಪ್ಪು ಪ್ರತಿ ಒಂದು, ಸರಿ ಪ್ರತಿ ಒಂದು ಇದ್ದರೆ ಏನೂ ತೊಂದರೆಯಿಲ್ಲ, ಚೀಫ್ ಕೂಡ ಗಟ್ಟಿಮುಟ್ಟಾಗಿಯೇ ಇತ್ತು. ತಂದೆ ತಾಯಿ ಇಬ್ಬರಿಂದಲೂ ತಪ್ಪು ಪ್ರತಿಯೇ ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತದೆ. ಚೀಫ್‌ನ ವಂಶದವೇ ಎಲ್ಲೆಡೆ ತುಂಬಿಕೊಂಡಾಗ ಹೀಗೆ ಸತ್ತ ಕರುಗಳು ಲೋಕದಾದ್ಯಂತ ಐದು ಲಕ್ಷಕ್ಕೂ ಹೆಚ್ಚು ಎಂದು 2016ರಲ್ಲಿ ಅಂದಾಜು ಮಾಡಲಾಯಿತು. ಕಣ್ಣಿಗೆ ಕಾಣದ ಈ ದೋಷ ಸಿಕ್ಕಿದ್ದು ಹೇಗೆ ಗೊತ್ತೇ? 2011ರಲ್ಲಿ ಸಾವಿರಾರು ದನಗಳ ಡಿ.ಎನ್.ಎ. ದಾಖಲೆ ನೋಡುತ್ತಿದ್ದವರಿಗೆ, ಆ ಭಾಗದ ಎರಡೂ ಪ್ರತಿ ಹೊತ್ತ ದನ ಒಂದೂ ಕಾಣಲಿಲ್ಲ. ಲೆಕ್ಕದ ಪ್ರಕಾರ ಹಲವು ಇರಬೇಕಿತ್ತು. ಅವೆಲ್ಲ ಎಲ್ಲಿ ಹೋದವು ಎಂದು ಹುಡುಕಿದಾಗ ವಿಷಯ ಬಯಲಾಯಿತು. ಈಗ ಆ ತಪ್ಪು ಅಕ್ಷರ ಹೊತ್ತ ಹೋರಿಯನ್ನು ಅದನ್ನೇ ಹೊತ್ತ ಹಸುವಿಗೆ ಕೂಡಿಸದಂತೆ ನೋಡಿಕೊಳ್ಳುತ್ತಾರೆ.

ನಿಮ್ಮ ಊರಿನ ಪಶು ಆಸ್ಪತ್ರೆಗೆ ಹೋದಾಗ ವೈದ್ಯರನ್ನು ಕೇಳಿ, ದ್ರವ ಸಾರಜನಕದ ಪಾತ್ರೆಯನ್ನು ದೂರದಿಂದ ತೋರಿಸುತ್ತಾರೆ. ಮುಟ್ಟಬೇಡಿ, ಅದರ ಒಳಗಿನ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ! ಅದರಲ್ಲಿ ಹೋರಿಗಳ ವೀರ್ಯ ತುಂಬಿದ ಸಣ್ಣ ಕಡ್ಡಿಗಳಿರುತ್ತವೆ. ಪ್ರತಿ ಕಡ್ಡಿಯ ಮೇಲೂ ತಳಿಯ ಹೆಸರು ಮತ್ತು ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ನಿಮ್ಮ ಮನೆಯ ಕರುವಿನ ತಂದೆ ಯಾವ ಸಂಖ್ಯೆಯದು ಎಂದು ಕೇಳಿ, ಬರೆದಿಟ್ಟುಕೊಳ್ಳಿ.